ಸ್ಯಾಂಪಲ್ ತರುವ ಮುನ್ನ ಒಮ್ಮೆ ಬನ್ನಿ
ಜೀವವಿಜ್ಞಾನದ ಸಂಶೋಧನಾ ವಿದ್ಯಾರ್ಥಿಗಳಿಗೆ ಒಂದು ಬಹಿರಂಗ ಪತ್ರ

ಪ್ರಿಯ ಸಂಶೋಧನಾ ವಿದ್ಯಾರ್ಥಿಗಳೇ,



ಪ್ರಾಣಿಶಾಸ್ತ್ರವೋ ಸಸ್ಯಶಾಸ್ತ್ರವೋ ಸೂಕ್ಷ್ಮಜೀವಿಶಾಸ್ತ್ರವೋ, ಯಾವ ವಿಭಾಗದಲ್ಲೇ ಪಿಎಚ್‌ಡಿಗೆ ಸೇರಿರಿ, ನಿಮ್ಮಲ್ಲಿ ಹಲವರು ಒಂದಲ್ಲ ಒಂದು ದಿನ ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ವಿಭಾಗದ ಬಾಗಿಲು ತಟ್ಟುತ್ತೀರಿ. ಆ ಬಾಗಿಲ ಒಳಗೆ ನಿಂತು ನಿಮ್ಮ ಕೈಯಿಂದ ಸ್ಯಾಂಪಲ್ ಇಸಿದುಕೊಳ್ಳುವ ಕೆಲಸದಲ್ಲೇ ನನ್ನ ಉದ್ಯೋಗದ ವರ್ಷಗಳೆಲ್ಲ ಕಳೆದವು. ನಾನು ವಿಜ್ಞಾನಿಯಲ್ಲ, ತಂತ್ರಜ್ಞ. ನಿಮ್ಮ ಲೇಖನಗಳ ಕೊನೆಯ ಕೃತಜ್ಞತೆಯ ಸಾಲಿನಲ್ಲಿ ಬರೀ ವಿಭಾಗದ ಹೆಸರಿರುತ್ತದಲ್ಲ, ಅದರ ಹಿಂದೆ ದುಡಿಯುವವರಲ್ಲಿ ಒಬ್ಬ.

ಈ ಪತ್ರ ಬರೆಯಲು ಕಾರಣ ಒಂದೇ. ನೀವು ಬರುವುದು ತಡವಾಗಿ. ಪ್ರಯೋಗ ಮುಗಿದು, ಅಂಗಾಂಶ ಫ್ರಿಜ್ ಸೇರಿ, ಪ್ರಬಂಧ ಸಲ್ಲಿಸುವ ದಿನ ಹತ್ತಿರವಾದಾಗ, ಇಲ್ಲವೇ ಜರ್ನಲ್‌ನ ಪರಿಶೀಲಕರು ‘ಟೆಮ್ (ಟ್ರಾನ್ಸ್‌ಮಿಷನ್ ಎಲೆಕ್ಟ್ರಾನ್ ಮೈಕ್ರೋಸ್ಕೋಪ್) ಚಿತ್ರ ಎಲ್ಲಿ?’ ಎಂದು ಕೇಳಿದಾಗ, ಒಂದು ಟ್ಯೂಬ್ ಹಿಡಿದುಕೊಂಡು ಬರುತ್ತೀರಿ. ‘ಸರ್, ಒಂದೇ ಒಂದು ಒಳ್ಳೆಯ ಇಮೇಜ್ ಸಾಕು’ ಎನ್ನುತ್ತೀರಿ. ಚಿತ್ರ ತೆಗೆಯುವುದು ನಮ್ಮ ಕೆಲಸ, ಒಪ್ಪಿದೆ. ಆದರೆ ಅದು ನಂಬಲು ಅರ್ಹವಾದ ಚಿತ್ರವೋ ಅಲ್ಲವೋ ಎಂಬುದು ನಿಮ್ಮ ಲ್ಯಾಬಿನ ಮೇಜಿನ ಮೇಲೆ, ಅಂಗಾಂಶ ದೇಹದಿಂದ ಬೇರೆಯಾದ ಮೊದಲ ಕೆಲವು ನಿಮಿಷಗಳಲ್ಲೇ ತೀರ್ಮಾನವಾಗಿಬಿಟ್ಟಿರುತ್ತದೆ. ನಮ್ಮ ಬಾಗಿಲಿಗೆ ಬರುವ ಹೊತ್ತಿಗೆ ಅದು ನಿಮ್ಮ ಕೈಯನ್ನೂ ಮೀರಿರುತ್ತದೆ, ನಮ್ಮ ಕೈಯನ್ನೂ ಮೀರಿರುತ್ತದೆ.

ಯಂತ್ರದ ಶಕ್ತಿಯ ಬಗ್ಗೆ ನಿಮಗಿರುವ ನಂಬಿಕೆ ಸುಳ್ಳೇನಲ್ಲ. ಸಾಮಾನ್ಯ ಬೆಳಕಿನ ಮೈಕ್ರೋಸ್ಕೋಪಿನಲ್ಲಿ ಸುಮಾರು 200 ನ್ಯಾನೋಮೀಟರ್‌ಗಿಂತ ಹತ್ತಿರವಿರುವ ಎರಡು ಚುಕ್ಕಿಗಳು ಬೇರೆಬೇರೆಯಾಗಿ ಕಾಣುವುದಿಲ್ಲ. 100 ಕಿಲೋವೋಲ್ಟ್‌ನಲ್ಲಿ ಓಡುವ ಎಲೆಕ್ಟ್ರಾನಿನ ತರಂಗಾಂತರ 0.0037 ನ್ಯಾನೋಮೀಟರ್. ಆ ಬಲದಿಂದಲೇ ಇಂದಿನ ಒಳ್ಳೆಯ ಟೆಮ್, ಲೋಹದ ಹರಳಿನಲ್ಲಿ ಪರಮಾಣುಗಳ ಸಾಲುಗಳನ್ನು ತೋರಿಸುತ್ತದೆ. ಆದರೆ ಅದೇ ಟೆಮ್‌ನಲ್ಲಿ ನಿಮ್ಮ ಇಲಿಯ ಯಕೃತ್ತಿನ ಸೆಕ್ಷನ್ ಇಟ್ಟರೆ ಸುಮಾರು 2 ನ್ಯಾನೋಮೀಟರ್‌ಗಿಂತ ಸಣ್ಣ ವಿವರ ಸಿಗುವುದಿಲ್ಲ. ಲೆನ್ಸಿನಲ್ಲಿ ದೋಷವಿಲ್ಲ. ಮಿತಿ ಇರುವುದು ಸೆಕ್ಷನ್ನಿನಲ್ಲಿ, ಅದಕ್ಕೆ ಕೊಟ್ಟ ಬಣ್ಣದಲ್ಲಿ, ಅದಕ್ಕೂ ಮೊದಲು ನಡೆದ ಫಿಕ್ಸೇಶನ್ನಿನಲ್ಲಿ.

ಟೆಮ್‌ನ ಒಳಗೆ ನಿರ್ವಾತ. ನೀರಿರುವ ಯಾವುದೂ ಅಲ್ಲಿ ಹಾಗೇ ನಿಲ್ಲದು. ಜೀವಕೋಶವಾದರೋ ಬಹುಪಾಲು ನೀರೇ. ಹಾಗಾಗಿ ಅದರ ರಚನೆ ಕದಡದಂತೆ ಮೊದಲು ರಾಸಾಯನಿಕದಿಂದ ಬಿಗಿಯುತ್ತೇವೆ, ಅದೇ ಫಿಕ್ಸೇಶನ್. ಆಮೇಲೆ ನೀರನ್ನು ತೆಗೆದು, ಆ ಜಾಗಕ್ಕೆ ರೆಸಿನ್ ತುಂಬಿ, ಗಟ್ಟಿ ಮಾಡಿ, 60ರಿಂದ 80 ನ್ಯಾನೋಮೀಟರ್ ದಪ್ಪಕ್ಕೆ ಕೊಯ್ದು, ಯುರೇನಿಯಂ ಮತ್ತು ಸೀಸದ ಲವಣಗಳ ಬಣ್ಣ ಹಾಕುತ್ತೇವೆ. ನೀವು ಏನನ್ನು ಉಳಿಸಿಕೊಂಡು ಬಂದಿರುತ್ತೀರೋ ಅದಕ್ಕೆ ಮಾತ್ರ ಆ ಲೋಹ ಅಂಟುತ್ತದೆ. ಪರದೆಯ ಮೇಲೆ ಕಪ್ಪಾಗಿ ಕಾಣುವುದು ಆ ಲೋಹವೇ.

ಎಲ್ಲವೂ ಸ್ಯಾಂಪಲ್‌ನ ಸಿದ್ಧತೆಯ ಮೇಲೆ ನಿಂತಿದೆ ಎಂಬುದನ್ನು ಈ ವಿದ್ಯೆಯ ಇತಿಹಾಸವೂ ಹೇಳುತ್ತದೆ. ಬರ್ಲಿನ್ನಿನಲ್ಲಿ ಎರ್ನ್ಸ್ಟ್ ರುಸ್ಕಾ ಮತ್ತು ಮ್ಯಾಕ್ಸ್ ನೋಲ್ ಮೊದಲ ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಕಟ್ಟಿದ್ದು 1931ರಲ್ಲಿ. 1939ರಲ್ಲಿ ಸೀಮೆನ್ಸ್ ಕಂಪನಿ ಅದನ್ನು ಮಾರುಕಟ್ಟೆಗೂ ತಂದಿತು. ಆದರೆ ಇಡೀ ಜೀವಕೋಶವೊಂದರ ಮೊದಲ ಎಲೆಕ್ಟ್ರಾನ್ ಚಿತ್ರ ಪ್ರಕಟವಾದದ್ದು 1945ರಲ್ಲಿ. ಕೀತ್ ಪೋರ್ಟರ್, ಆಲ್ಬರ್ಟ್ ಕ್ಲಾಡ್, ಅರ್ನೆಸ್ಟ್ ಫುಲ್ಲಮ್ ಆರಿಸಿಕೊಂಡದ್ದು ಕೊಯ್ಯುವ ಅಗತ್ಯವೇ ಇಲ್ಲದಷ್ಟು ತೆಳ್ಳಗೆ ಹರಡಿಕೊಳ್ಳುವ ಕೋಳಿಭ್ರೂಣದ ಕೋಶವನ್ನು. ದೇಹದ ಅಂಗಾಂಶವನ್ನು ಕೊಯ್ದು ನೋಡುವ ಕಾಲ ಬರಲು 1950ರ ಗಾಜಿನ ಚಾಕು ಬೇಕಾಯಿತು, 1952ರಲ್ಲಿ ಜಾರ್ಜ್ ಪಲಾಡೆ ಬಫರ್ ಬೆರೆಸಿ ಹದಗೊಳಿಸಿದ ಆಸ್ಮಿಯಂ ದ್ರಾವಣ ಬೇಕಾಯಿತು. 1963ರಲ್ಲಿ ಸಬಟಿನಿ, ಬೆನ್ಶ್, ಬ್ಯಾರ್ನೆಟ್ ಅವರು ಗ್ಲುಟರಾಲ್ಡಿಹೈಡ್‌ನ ಬಳಕೆಯನ್ನು ಫಿಕ್ಸೇಶನ್‌ಗೆ ತೋರಿಸಿಕೊಟ್ಟರು. ಸೀಸದ ಸಿಟ್ರೇಟ್ ಬಣ್ಣಕ್ಕೆ ರೆನಾಲ್ಡ್ಸ್ ಅವರ ವಿಧಾನ ಬಂದದ್ದೂ ಅದೇ ವರ್ಷ. ಇವತ್ತಿಗೂ ನಮ್ಮ ವಿಭಾಗಗಳಲ್ಲಿ ನಡೆಯುವುದು ಹೆಚ್ಚುಕಮ್ಮಿ ಅದೇ ಕ್ರಮ. ಕೋಶದ ಒಳಗನ್ನು ಬಿಡಿಸಿ ತೋರಿಸಿದ ಕ್ಲಾಡ್, ಪಲಾಡೆ ಮತ್ತು ಡಿ ಡುವ್ ಅವರಿಗೆ 1974ರಲ್ಲಿ ನೊಬೆಲ್ ಸಂದಿತು. ಯಂತ್ರ ಕಟ್ಟಿದ ರುಸ್ಕಾ 1986ರವರೆಗೆ ಕಾಯಬೇಕಾಯಿತು.

ಈಗ ನಿಮ್ಮ ಮೇಜಿಗೆ ಬರೋಣ. ರಕ್ತಸಂಚಾರ ನಿಂತ ಕೂಡಲೇ ಕೋಶಗಳಿಗೆ ಆಮ್ಲಜನಕ ತಪ್ಪುತ್ತದೆ. ಕೆಲವೇ ನಿಮಿಷಗಳಲ್ಲಿ ಮೈಟೊಕಾಂಡ್ರಿಯಾ ಉಬ್ಬತೊಡಗುತ್ತವೆ, ಒಳಗಿನ ಕ್ರಿಸ್ಟೆಗಳ ಮಡಿಕೆ ಸಡಿಲವಾಗುತ್ತದೆ. ಗಿಡಮೂಲಿಕೆಯ ಸಾರವೊಂದನ್ನು ಇಲಿಗಳಿಗೆ ಕೊಟ್ಟು ಯಕೃತ್ತಿನ ಮೇಲೆ ಅದರ ಪರಿಣಾಮ ನೋಡುತ್ತಿದ್ದ ವಿದ್ಯಾರ್ಥಿನಿಯೊಬ್ಬರು ಒಮ್ಮೆ ನಮ್ಮಲ್ಲಿಗೆ ಸ್ಯಾಂಪಲ್ ತಂದರು. ಸಾರ ಕೊಡದ ಇಲಿಗಳ ಕೋಶಗಳು ಅಚ್ಚುಕಟ್ಟಾಗಿದ್ದವು. ಕೊಟ್ಟ ಇಲಿಗಳಲ್ಲಿ ಮೈಟೊಕಾಂಡ್ರಿಯಾ ಉಬ್ಬಿ ಪೇಲವವಾಗಿದ್ದವು. ಪರದೆ ನೋಡುತ್ತಲೇ ಅವರ ಮುಖ ಅರಳಿತು. ವಿಷಕಾರಿ ಪರಿಣಾಮ ಸಿಕ್ಕೇಬಿಟ್ಟಿತಲ್ಲ! ‘ಎರಡೂ ಗುಂಪನ್ನು ಒಂದೇ ರೀತಿ ಫಿಕ್ಸ್ ಮಾಡಿದ್ರಾ?’ ಎಂದು ಕೇಳಿದೆ. ಇಲ್ಲ. ಸಾರ ಕೊಡದ ಕಂಟ್ರೋಲ್ ಇಲಿಗಳ ಯಕೃತ್ತನ್ನು ತೆಗೆದ ತಕ್ಷಣ ಫಿಕ್ಸೇಟಿವ್‌ಗೆ ಹಾಕಿದ್ದರು. ಉಳಿದ ಇಲಿಗಳ ಯಕೃತ್ತನ್ನು ತೂಗಿ, ಫೋಟೊ ತೆಗೆದು, ಸೀರಮ್ ಕೆಲಸ ಮುಗಿಸಿ, ಆಮೇಲೆ ಹಾಕಿದ್ದರು. ಉಬ್ಬಿದ್ದು ಸಾರದಿಂದಲೋ ತಡವಾದದ್ದರಿಂದಲೋ ಎಂದು ಜಗತ್ತಿನ ಯಾವ ಮೈಕ್ರೋಸ್ಕೋಪೂ ಹೇಳಲಾರದು. ಅವರು ಆ ಪ್ರಯೋಗವನ್ನು ಮೊದಲಿಂದ ಮಾಡಬೇಕಾಯಿತು.

ಅಂಗಾಂಶದ ಗಾತ್ರದ ವಿಷಯವೂ ಹೀಗೆಯೇ. ಗ್ಲುಟರಾಲ್ಡಿಹೈಡ್ ಬಿಗಿಯಾಗಿ ಹಿಡಿಯುತ್ತದೆ, ಆದರೆ ನಿಧಾನವಾಗಿ ಒಳಗಿಳಿಯುತ್ತದೆ. ಗಂಟೆಗೆ ಒಂದು ಮಿಲಿಮೀಟರ್ ಕೂಡ ಸಾಗುವುದಿಲ್ಲ. ಹೋಳು ಮಾಡಿದ ಮಾವಿನಕಾಯಿಗೆ ಹಿಡಿದಷ್ಟು ಬೇಗ ಇಡೀ ಕಾಯಿಗೆ ಉಪ್ಪು ಹಿಡಿಯುತ್ತದೆಯೇ? ಆದರೂ ನಮ್ಮಲ್ಲಿಗೆ ಯಕೃತ್ತಿನ ಇಡೀ ಹಾಲೆ ಬರುತ್ತದೆ, ಇಡೀ ಮೂತ್ರಪಿಂಡ ಬರುತ್ತದೆ. ಹೊರಗಿನ ಸಿಪ್ಪೆಯಷ್ಟು ಫಿಕ್ಸ್ ಆಗಿರುತ್ತದೆ, ಒಳಗೆಲ್ಲ ಕೊಳೆತಿರುತ್ತದೆ. ಹೊಸ ಬ್ಲೇಡಿನಲ್ಲಿ, ಫಿಕ್ಸೇಟಿವ್‌ನ ಹನಿಯಲ್ಲೇ ಇಟ್ಟು, ಒಂದು ಮಿಲಿಮೀಟರ್‌ನ ತುಣುಕುಗಳಾಗಿ ಕತ್ತರಿಸಿ. ಹಿಸುಕಬೇಡಿ, ಚಿಮುಟದಲ್ಲಿ ಎಳೆಯಬೇಡಿ. 0.1 ಮೋಲಾರ್ ಬಫರ್, ಪಿಎಚ್ 7.2ರಿಂದ 7.4, ಅದರಲ್ಲಿ ಶೇ. 2.5 ಗ್ಲುಟರಾಲ್ಡಿಹೈಡ್, ತುಣುಕಿನ ಗಾತ್ರದ ಹತ್ತಿಪ್ಪತ್ತು ಪಟ್ಟು ದ್ರಾವಣ. ಸಾಮಾನ್ಯ ಅಂಗಾಂಶಕ್ಕೆ ಇಷ್ಟು ಸಾಕು. ಇದಕ್ಕೆ ದುಬಾರಿ ಸಲಕರಣೆ ಏನೂ ಬೇಡ, ಮೊದಲೇ ಸಿದ್ಧ ಮಾಡಿಟ್ಟುಕೊಂಡಿರಬೇಕು ಅಷ್ಟೆ.

ಮಿದುಳಿನಂಥ ಅಂಗಕ್ಕೆ ಇದೂ ಸಾಲದು. ಪ್ರಾಣಿಗೆ ಆಳವಾದ ಅರಿವಳಿಕೆ ಕೊಟ್ಟು, ಹೃದಯದ ಮೂಲಕ ಫಿಕ್ಸೇಟಿವ್ ಹರಿಸುವ ಪರ್ಫ್ಯೂಶನ್ ಬೇಕು. ಪ್ರಾಣಿಗಳ ಬಳಕೆಗೆ ನೀತಿ ಸಮಿತಿಯ ಅನುಮತಿ ಕೇಳುವಾಗಲೇ ಅದನ್ನು ಅರ್ಜಿಯಲ್ಲಿ ಬರೆದಿರಬೇಕು. ಪ್ರಯೋಗ ಮುಗಿಸಿ ನಮ್ಮ ಬಳಿ ಬಂದರೆ ನಾವು ಏನು ಸಲಹೆ ಕೊಟ್ಟು ಏನು ಪ್ರಯೋಜನ ಹೇಳಿ?

ಇನ್ನು ಫ್ರೀಜರ್. ದಯವಿಟ್ಟು ಮೈನಸ್ 20ರಲ್ಲಿ, ಮೈನಸ್ 80ರಲ್ಲಿ ಇಟ್ಟ ಅಂಗಾಂಶವನ್ನು ಟೆಮ್‌ಗೆ ತರಬೇಡಿ. ಆರ್‌ಎನ್‌ಎಗೆ, ಪ್ರೋಟೀನಿಗೆ ಅದು ಸರಿ. ರಚನೆ ನೋಡುವವರಿಗೆ ಅದರಲ್ಲಿ ಉಳಿದಿರುವುದು ಮಂಜಿನ ಹರಳು ಕೊರೆದ ತೂತುಗಳು ಮಾತ್ರ. ಮಾಮೂಲಿ ಫಾರ್ಮಲಿನ್ನಿನಲ್ಲಿ ವರ್ಷಗಟ್ಟಲೆ ಕೂತ ಅಂಗಾಂಶವೂ, ಪ್ಯಾರಫಿನ್ ಬ್ಲಾಕೂ ಹಾಗೆಯೇ. ರೋಗನಿರ್ಣಯದಲ್ಲಿ ಬೇರೆ ದಾರಿಯಿಲ್ಲದಾಗ ಅದರಿಂದಲೂ ಏನಾದರೂ ಹೆಕ್ಕುವುದುಂಟು. ಸಂಶೋಧನೆಗೆ ಅದು ಮೊದಲ ಆಯ್ಕೆಯಾಗಬಾರದು.

‘ಸ್ವಲ್ಪ ಹೆಚ್ಚುಕಮ್ಮಿ ಆದರೆ ಏನು?’ ಎನ್ನುವವರಿಗೆ ಒಂದು ಉದಾಹರಣೆ ಕೊಡುತ್ತೇನೆ. ಪಿಯುಸಿ ಜೀವಶಾಸ್ತ್ರದಲ್ಲಿ ಮೀಸೋಸೋಮ್ ಓದಿದ್ದು ನೆನಪಿದೆಯೇ? ಬ್ಯಾಕ್ಟೀರಿಯಾದ ಪೊರೆ ಒಳಕ್ಕೆ ಮಡಚಿಕೊಂಡು ಆದ ರಚನೆ, ಉಸಿರಾಟಕ್ಕೆ, ಕೋಶವಿಭಜನೆಗೆ ನೆರವಾಗುತ್ತದೆ ಎಂದು ಬಾಯಿಪಾಠ ಮಾಡಿ ಅಂಕ ಗಳಿಸಿದ್ದೀರಿ. 1950, 60ರ ದಶಕಗಳಲ್ಲಿ ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ಅದು ಸಾಲುಸಾಲಾಗಿ ಕಂಡಿತ್ತು. ಮುಂದೆ ರಾಸಾಯನಿಕ ಬಳಸದೆ ಬ್ಯಾಕ್ಟೀರಿಯಾವನ್ನು ಅತಿ ವೇಗವಾಗಿ ಘನೀಕರಿಸಿ ನೋಡಿದಾಗ ಅದು ಕಾಣಲೇ ಇಲ್ಲ. ಫಿಕ್ಸ್ ಮಾಡುವಾಗ ಪೊರೆಗೆ ಆದ ಏಟೇ ಮೀಸೋಸೋಮ್ ಆಗಿ ತೋರಿತ್ತು. ಅದನ್ನು ನೋಡಿದವರು ದಡ್ಡರೂ ಅಲ್ಲ, ಮೋಸಗಾರರೂ ಅಲ್ಲ. ಸ್ಯಾಂಪಲ್‌ಗೆ ತಾವು ಮಾಡಿದ್ದನ್ನೇ ಸ್ಯಾಂಪಲ್‌ನ ಗುಣವೆಂದು ಓದಿದರು, ಅಷ್ಟೆ. ನುರಿತವರಿಗೇ ಹೀಗಾದರೆ, ಅವಸರದಲ್ಲಿ ಫಿಕ್ಸ್ ಮಾಡಿದ ನಿಮ್ಮ ಸ್ಯಾಂಪಲ್ ಏನೇನು ತೋರಿಸೀತು ಯೋಚಿಸಿ.

ಈಚೆಗೆ ಎಕ್ಸೋಸೋಮ್ (ಕೋಶಗಳು ಹೊರಬಿಡುವ ಪುಟ್ಟ ಚೀಲ) ಹಿಡಿದು ಬರುವವರು ಹೆಚ್ಚಾಗಿದ್ದಾರೆ. ಅದು ಬಟ್ಟಲಿನ ಆಕಾರದಲ್ಲಿ ಕಾಣದಿದ್ದರೆ ಅವರಿಗೆ ಸಮಾಧಾನವಿಲ್ಲ. ಆ ಬಟ್ಟಲು ಒಣಗುವಾಗ ಕುಸಿದು ಆದದ್ದು. ಒಣಗಿಸದೆ ಅತಿ ವೇಗವಾಗಿ ಘನೀಕರಿಸಿ ನೋಡುವ ಕ್ರಯೋ ವಿಧಾನದಲ್ಲಿ ನೋಡಿದರೆ ಅವು ದುಂಡಗೇ ಇರುತ್ತವೆ. ಇನ್ನು ಕೆಲವರು ಸ್ಯಾಂಪಲನ್ನು ಫಾಸ್ಫೇಟ್ ಇರುವ ಬಫರಾದ ಪಿಬಿಎಸ್‌ನಲ್ಲೇ ತಂದು ಯುರೇನಿಲ್ ಅಸಿಟೇಟ್ ಬಣ್ಣ ಕೇಳುತ್ತಾರೆ. ಫಾಸ್ಫೇಟ್ ಮತ್ತು ಯುರೇನಿಲ್ ಸೇರಿ ಗ್ರಿಡ್ ತುಂಬ ಕಪ್ಪು ಕಣ. ಅದನ್ನು ನ್ಯಾನೋಕಣವೆಂದು ಎಣಿಸಲು ಹೊರಟವರನ್ನೂ ನೋಡಿದ್ದೇನೆ.

ನಿಮ್ಮ ಟ್ಯೂಬ್ ಒಳಗೆ ಬಂದ ಮೇಲೆ ಏನಾಗುತ್ತದೆಂದು ತಿಳಿದರೆ ‘ನಾಳೆ ಇಮೇಜ್ ಸಿಗುತ್ತಾ ಸರ್?’ ಎಂದು ಕೇಳಲಾರಿರಿ. ಬಫರ್‌ನಲ್ಲಿ ತೊಳೆದು ಆಸ್ಮಿಯಂ ಟೆಟ್ರಾಕ್ಸೈಡ್‌ನಲ್ಲಿ ಇಡುತ್ತೇವೆ. ಅದರ ಆವಿ ಕಣ್ಣಿನ ಕಾರ್ನಿಯಾವನ್ನೇ ಸುಡಬಲ್ಲದು, ಹಾಗಾಗಿ ಈ ಕೆಲಸವೆಲ್ಲ ಫ್ಯೂಮ್ ಹುಡ್‌ನಲ್ಲೇ. ಮೆಟ್ಟಿಲು ಮೆಟ್ಟಿಲಾಗಿ ಆಲ್ಕೊಹಾಲ್ ಏರಿಸಿ ನೀರು ತೆಗೆಯುತ್ತೇವೆ. ಬಳಿಕ ರೆಸಿನ್, ಅದೂ ಹಂತಹಂತವಾಗಿ. ಆಮೇಲೆ 60 ಡಿಗ್ರಿ ಓವನ್ನಿನಲ್ಲಿ ಒಂದೆರಡು ದಿನ. ಗಟ್ಟಿಯಾದ ಬ್ಲಾಕನ್ನು ಮೊದಲು ಅರ್ಧದಿಂದ ಒಂದು ಮೈಕ್ರಾನ್ ದಪ್ಪಕ್ಕೆ ಕೊಯ್ದು, ಟೊಲುಯಿಡಿನ್ ಬ್ಲೂ ಹಾಕಿ, ಸಾಮಾನ್ಯ ಮೈಕ್ರೋಸ್ಕೋಪಿನಲ್ಲಿ ನಿಮಗೆ ಬೇಕಾದ ಜಾಗ ಇದೆಯೇ ಎಂದು ನೋಡುತ್ತೇವೆ.

ಆಮೇಲೆ ಶುರುವಾಗುವುದು ಅಲ್ಟ್ರಾಮೈಕ್ರೋಟೋಮ್‌ನ ಕೆಲಸ. ಕೋಣೆಯ ಎಸಿ ಗಾಳಿ ಚಾಕುವಿನ ಮೇಲೆ ಬೀಸಬಾರದು. ಬಾಗಿಲು ಧಡ್ ಎನ್ನಬಾರದು. ಚಾಕುವಿನ ಕಡೆ ಉಸಿರು ಬಿಡುವಂತಿಲ್ಲ. ವಜ್ರದ ಚಾಕುವಿನ ಅಂಚಿನ ಹಿಂದೆ ಪುಟ್ಟ ತೊಟ್ಟಿಯಲ್ಲಿ ನೀರು. ಬ್ಲಾಕ್ ಒಂದೊಂದು ಸಲ ಇಳಿದಾಗಲೂ ಒಂದೊಂದು ಸೆಕ್ಷನ್ ಆ ನೀರಿನ ಮೇಲೆ ಜಾರಿ, ಹಿಂದಿನದಕ್ಕೆ ಅಂಟಿ, ರಿಬ್ಬನ್ ಆಗುತ್ತದೆ. ದಪ್ಪ ಅಳೆಯಲು ನಮಗೆ ಅಳತೆಗೋಲು ಬೇಡ, ಬಣ್ಣ ಸಾಕು. ಬೆಳ್ಳಿಯ ಬಣ್ಣವಿದ್ದರೆ 60ರಿಂದ 90 ನ್ಯಾನೋಮೀಟರ್, ಸರಿಯಾಗಿದೆ. ಚಿನ್ನದ ಬಣ್ಣ ಬಂದರೆ ದಪ್ಪವಾಯಿತು. ಸುಕ್ಕು ಬಿಡಿಸಲು ಕ್ಲೋರೋಫಾರ್ಮ್ ಅದ್ದಿದ ಕಡ್ಡಿಯನ್ನು ಮೇಲಿಂದ ಆಡಿಸುತ್ತೇವೆ. ಸೆಕ್ಷನ್‌ಗಳನ್ನು ಒಂದೆಡೆ ಸರಿಸಲು ಬಳಸುವ ಸಲಕರಣೆ ಏನು ಗೊತ್ತೇ? ಕಡ್ಡಿಯ ತುದಿಗೆ ಅಂಟಿಸಿದ ಕಣ್ಣಿನ ರೆಪ್ಪೆಗೂದಲು. ಕೋಟಿಗಟ್ಟಲೆ ಬೆಲೆಯ ಯಂತ್ರದ ಪಕ್ಕದ ಕೋಣೆಯಲ್ಲಿ ಇಂದಿಗೂ ಇದಕ್ಕಿಂತ ಒಳ್ಳೆಯ ಉಪಕರಣವಿಲ್ಲ. ಕೊನೆಗೆ ಮೂರು ಮಿಲಿಮೀಟರ್ ಅಗಲದ ತಾಮ್ರದ ಗ್ರಿಡ್ ಮೇಲೆ ಅವನ್ನು ಎತ್ತಿಕೊಳ್ಳುತ್ತೇವೆ. ಎಲ್ಲ ಸರಿಯಾಗಿ ನಡೆದರೂ ಸ್ಯಾಂಪಲ್ ಬಂದ ದಿನದಿಂದ ಒಂದು ವಾರ ಬೇಕು, ಸರದಿ ಇದ್ದರೆ ಇನ್ನೂ ಹೆಚ್ಚು.

ಲಕ್ಷಗಟ್ಟಲೆ ಬೆಲೆಯ ಆ ವಜ್ರದ ಅಂಚಿನ ಬಗ್ಗೆಯೂ ಒಂದು ಮಾತು. ಅಂಗಾಂಶದಲ್ಲಿ ಮೂಳೆಯ ಚೂರಿದ್ದರೆ, ಸುಣ್ಣಗಟ್ಟಿದ ಭಾಗವಿದ್ದರೆ, ಭತ್ತದ ಎಲೆಯಂತೆ ಸಿಲಿಕಾ ತುಂಬಿದ ಸಸ್ಯವಾಗಿದ್ದರೆ ಮೊದಲೇ ಹೇಳಿ. ಹೇಳದೆ ಕೊಟ್ಟರೆ ಅಂಚು ಮುಕ್ಕಾಗುತ್ತದೆ. ನಿಮ್ಮ ನಂತರ ಸರದಿಯಲ್ಲಿರುವವರ ಸೆಕ್ಷನ್ ಮೇಲೆಲ್ಲ ಗೀರು ಬೀಳುತ್ತದೆ. ರೋಗಾಣುಗಳಿದ್ದರಂತೂ ಮುಚ್ಚಿಡುವ ಪ್ರಶ್ನೆಯೇ ಇಲ್ಲ. ಅವನ್ನು ನಿಷ್ಕ್ರಿಯಗೊಳಿಸಿದ ಮೇಲಷ್ಟೇ ತನ್ನಿ. ಇದು ನಮ್ಮ ಜೀವದ ವಿಷಯ.

‘ಒಂದೇ ಒಂದು ಇಮೇಜ್’ ಎನ್ನುತ್ತೀರಲ್ಲ, ಅದರ ಲೆಕ್ಕವನ್ನೂ ನೋಡಿ. ಒಂದು ಮಿಲಿಮೀಟರ್ ತುಣುಕನ್ನು 70 ನ್ಯಾನೋಮೀಟರ್ ದಪ್ಪಕ್ಕೆ ಪೂರ್ತಿ ಕೊಯ್ದರೆ 14 ಸಾವಿರಕ್ಕೂ ಹೆಚ್ಚು ಸೆಕ್ಷನ್‌ಗಳಾಗುತ್ತವೆ. ನಾವು ನೋಡುವುದು ಅದರಲ್ಲಿ ಕೆಲವನ್ನು, ಅವುಗಳಲ್ಲೂ ಮೂಲೆಯ ಒಂದಿಷ್ಟನ್ನು. ಅಲ್ಲಿ ಉಬ್ಬಿದ ಮೈಟೊಕಾಂಡ್ರಿಯಾ ಹುಡುಕಿದರೆ ಸಿಗುತ್ತದೆ, ಚೆನ್ನಾಗಿರುವುದನ್ನು ಹುಡುಕಿದರೆ ಅದೂ ಸಿಗುತ್ತದೆ. ಆದ್ದರಿಂದ ಎಷ್ಟು ಪ್ರಾಣಿ, ಪ್ರತಿ ಪ್ರಾಣಿಯಿಂದ ಎಷ್ಟು ಬ್ಲಾಕ್, ಪ್ರತಿ ಬ್ಲಾಕಿನಿಂದ ಎಷ್ಟು ಜಾಗ ಎಂಬುದನ್ನು ನೋಡುವ ಮೊದಲೇ ನಿಶ್ಚಯಿಸಿ. ಯಾವುದು ಕಂಟ್ರೋಲ್, ಯಾವುದು ಟ್ರೀಟ್ಮೆಂಟ್ ಎಂದು ನಮಗೆ ಹೇಳಬೇಡಿ. ಟ್ಯೂಬುಗಳ ಮೇಲೆ ಬರೀ ಸಂಕೇತ ಬರೆದು ಕೊಡಿ. ಯಾರ ಪರವಾಗಿಯೂ ನಮ್ಮ ಕಣ್ಣು ವಾಲದಿರಲಿ.

ಯಾವ ವಿಧಾನ ಬೇಕು ಎಂಬುದನ್ನೂ ನಿಮ್ಮ ಪ್ರಶ್ನೆಯೇ ಹೇಳಬೇಕು. ಎಲೆಯ ಹೊರಮೈ, ಕೀಟದ ಮೀಸೆ, ಪರಾಗದ ಕೆತ್ತನೆ ನೋಡಬೇಕಾದರೆ ಸೆಮ್ (ಸ್ಕ್ಯಾನಿಂಗ್ ಎಲೆಕ್ಟ್ರಾನ್ ಮೈಕ್ರೋಸ್ಕೋಪ್) ಸಾಕು. ಆದರೆ ಎಲೆಯ ಮೇಣವನ್ನೇ ನೋಡಬೇಕಾದವರು ಆಲ್ಕೊಹಾಲ್‌ನಲ್ಲಿ ಅದ್ದಿ ತಂದರೆ ಮೇಣ ಕರಗಿಹೋಗಿರುತ್ತದೆ. ಪ್ರೋಟೀನ್ ಎಲ್ಲಿದೆ ಎಂದು ಚಿನ್ನದ ಕಣ ಕಟ್ಟಿದ ಪ್ರತಿಕಾಯದಿಂದ ಗುರುತಿಸಬೇಕಾದರೆ, ಆಗಲೇ ಹೇಳಿದ ಫಿಕ್ಸೇಟಿವ್ ಕೆಲಸಕ್ಕೆ ಬಾರದು. ಗ್ಲುಟರಾಲ್ಡಿಹೈಡ್ ಹೆಚ್ಚಾದರೆ ಪ್ರತಿಕಾಯ ಗುರುತಿಸಬೇಕಾದ ಜಾಗವೇ ಮುಚ್ಚಿಹೋಗುತ್ತದೆ. ಒಂದೇ ಅಂಗಾಂಶಕ್ಕೆ ಪ್ರಶ್ನೆ ಬದಲಾದರೆ ದ್ರಾವಣವೂ ಬದಲಾಗಬೇಕು. ಕ್ರಯೋ-ಇಎಂ ಬೇಕೆಂದು ಬರುವವರೂ ಇದ್ದಾರೆ. ಡುಬೋಶೆ, ಫ್ರಾಂಕ್, ಹೆಂಡರ್ಸನ್ ಅವರಿಗೆ 2017ರಲ್ಲಿ ನೊಬೆಲ್ ಬಂದ ಮೇಲೆ ಅದರ ಹೆಸರು ದೊಡ್ಡದಾಗಿದೆ, ತಕ್ಕದ್ದೇ. ದ್ರವ ಈಥೇನ್‌ನಲ್ಲಿ ನೀರು ಹರಳುಗಟ್ಟಲೂ ಸಮಯ ಸಿಗದಷ್ಟು ಬೇಗ ತಣಿಸಿ, ಪ್ರೋಟೀನಿನ ಆಕಾರವನ್ನು ಬಿಡಿಸುವ ವಿದ್ಯೆ ಅದು. ಆದರೆ ಶುದ್ಧವಲ್ಲದ ಪ್ರೋಟೀನನ್ನು ಅದು ಶುದ್ಧ ಮಾಡಿಕೊಡುವುದಿಲ್ಲ. ಮೊದಲು ನೆಗೆಟಿವ್ ಸ್ಟೇನ್ ಮಾಡಿ ನೋಡೋಣ ಎಂದು ನಾವು ಹೇಳುವುದು ನಿಮ್ಮನ್ನು ಸಾಗಹಾಕಲು ಅಲ್ಲ.

ಚಿತ್ರ ಕೈಗೆ ಬಂದ ಮೇಲಿನ ನಡತೆಯ ಬಗ್ಗೆ ಕಟುವಾಗಿಯೇ ಹೇಳಬೇಕಾಗಿದೆ. ಎಲಿಸಬೆತ್ ಬಿಕ್ ಮತ್ತು ಸಂಗಡಿಗರು 20,621 ಜೀವವೈದ್ಯಕೀಯ ಲೇಖನಗಳ ಚಿತ್ರಗಳನ್ನು ಪರೀಕ್ಷಿಸಿ 2016ರಲ್ಲಿ ಫಲಿತಾಂಶ ಪ್ರಕಟಿಸಿದರು. ಶೇ. 3.8ರಷ್ಟು ಲೇಖನಗಳಲ್ಲಿ ಚಿತ್ರಗಳು ಸಂಶಯಾಸ್ಪದವಾಗಿ ಪುನರಾವರ್ತನೆಯಾಗಿದ್ದವು. ಇಡೀ ಚಿತ್ರದ ಹೊಳಪು ಸ್ವಲ್ಪ ಏರಿಸಿ, ತಪ್ಪಿಲ್ಲ. ಒಂದು ಮೂಲೆಯ ಕಲೆಯನ್ನು ಅಳಿಸಬೇಡಿ. ಸ್ಕೇಲ್ ಬಾರನ್ನು ಕೈಯಾರೆ ಎಳೆಯಬೇಡಿ. ಒಂದೇ ಚಿತ್ರವನ್ನು ತಿರುಗಿಸಿ ಎರಡು ಕಡೆ ಹಾಕಬೇಡಿ. ಬಣ್ಣ ತುಂಬಿದರೆ ತುಂಬಿದ್ದೇವೆ ಎಂದು ಬರೆಯಿರಿ. ಯಂತ್ರ ಕೊಟ್ಟ ಮೂಲ ಫೈಲನ್ನು ಎಂದಿಗೂ ಅಳಿಸಬೇಡಿ.

ನಿಮ್ಮ ಮಾರ್ಗದರ್ಶಕರೂ ಇದನ್ನು ಓದುತ್ತಿದ್ದಾರೆಂದು ನಂಬಿ ಅವರಿಗೂ ಕೈಮುಗಿದು ಎರಡು ಮಾತು. ಯೋಜನೆಗೆ ಅರ್ಜಿ ಬರೆಯುವಾಗಲೇ ಎಲೆಕ್ಟ್ರಾನ್ ಮೈಕ್ರೋಸ್ಕೋಪಿಗೆ ಹಣ ಮತ್ತು ಸಮಯ ತೆಗೆದಿಡಿ. ವಿದ್ಯಾರ್ಥಿಯ ಜೇಬಿನಿಂದ ಶುಲ್ಕ ಕಟ್ಟಿಸುವುದು ನ್ಯಾಯವಲ್ಲ. ‘ಹೋಗಿ ಒಂದು ಚಿತ್ರ ತೆಗೆಸಿಕೊಂಡು ಬಾ’ ಎಂದು ಕಳಿಸುವ ಬದಲು ಒಮ್ಮೆ ನೀವೂ ಜೊತೆಗೆ ಬಂದು ಪರದೆಯ ಮುಂದೆ ಕೂರಿ. ಬೇಕಾದ ಚಿತ್ರ ಬರಲಿಲ್ಲವೆಂದು ವಿದ್ಯಾರ್ಥಿಯನ್ನು ಗದರಬೇಡಿ. ಹಾಗೆ ಗದರಿಸಿಕೊಂಡು, ‘ಏನಾದರೂ ಮಾಡಿ ಸರ್’ ಎಂದು ನಮ್ಮೆದುರು ಕಣ್ಣೀರು ಹಾಕಿದ ಮಕ್ಕಳು ಉಂಟು.

ಊರು ದೂರ, ಸೌಲಭ್ಯವಿಲ್ಲ ಎಂಬ ದೂರು ನಿಜವೇ. ಕಲಬುರಗಿಯಿಂದ, ಧಾರವಾಡದಿಂದ ರಾತ್ರಿಯ ರೈಲಿನಲ್ಲಿ ಬರುವವರ ಕಷ್ಟ ನನಗೆ ಗೊತ್ತು. ಆದರೆ ದಾರಿಗಳೂ ಇವೆ. ದೇಶದ ಸಂಶೋಧನಾ ಉಪಕರಣಗಳನ್ನು ಹುಡುಕಿ ಕಾಯ್ದಿರಿಸಲು ಐ-ಸ್ಟೆಮ್ ಎಂಬ ಪೋರ್ಟಲ್ 2020ರಿಂದ ಇದೆ. ಅದರ ಕೇಂದ್ರವೇ ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದೆ. ದೆಹಲಿಯ ಏಮ್ಸ್‌ನಲ್ಲಿ ಕೇಂದ್ರ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ನೆರವಿನ ಎಲೆಕ್ಟ್ರಾನ್ ಮೈಕ್ರೋಸ್ಕೋಪಿ ಸೌಲಭ್ಯವಿದೆ. ಬೆಂಗಳೂರಿನ ಎನ್‌ಸಿಬಿಎಸ್ ಆವರಣದಲ್ಲಿ ರಾಷ್ಟ್ರೀಯ ಕ್ರಯೋ-ಇಎಂ ಸೌಲಭ್ಯವಿದೆ. 1940ರ ದಶಕದಲ್ಲೇ ನೀರಜನಾಥ ದಾಸ್‌ಗುಪ್ತ ಕಲ್ಕತ್ತೆಯಲ್ಲಿ ದೇಶದ ಮೊದಲ ಎಲೆಕ್ಟ್ರಾನ್ ಮೈಕ್ರೋಸ್ಕೋಪನ್ನು ತಾವೇ ಕಟ್ಟಿಕೊಂಡರು. ಇವತ್ತು ನಮ್ಮಲ್ಲಿ ಯಂತ್ರಕ್ಕಿಂತ ಹೆಚ್ಚಿನ ಕೊರತೆ ಸರಿಯಾಗಿ ಸಿದ್ಧವಾದ ಸ್ಯಾಂಪಲ್‌ನದು. ಮತ್ತು ನೆನಪಿಡಿ, ಚೆನ್ನಾಗಿ ಫಿಕ್ಸ್ ಮಾಡಿ ಬಫರ್‌ಗೆ ಬದಲಿಸಿದ ತುಣುಕು 4 ಡಿಗ್ರಿಯಲ್ಲಿ ಕೆಲವು ದಿನ ಕಾಯಬಲ್ಲದು. ಪ್ರಯಾಣ ಅದನ್ನು ಕೆಡಿಸುವುದಿಲ್ಲ. ಹೆಪ್ಪುಗಟ್ಟಲು ಬಿಡಬೇಡಿ, ಮುಚ್ಚಳ ಭದ್ರವಾಗಿರಲಿ, ಟ್ಯೂಬಿನ ಮೇಲೆ ಒಳಗಿರುವ ರಾಸಾಯನಿಕದ ಹೆಸರಿರಲಿ.

ಕೊನೆಯದಾಗಿ ನನ್ನ ಕೋರಿಕೆಗಳು:

ಒಂದು, ಪ್ರಯೋಗ ಶುರುವಾಗುವ ಮುನ್ನ, ಬರಿಗೈಯಲ್ಲಿ, ಒಮ್ಮೆ ವಿಭಾಗಕ್ಕೆ ಬನ್ನಿ. ಬರಲಾಗದಿದ್ದರೆ ಫೋನ್ ಮಾಡಿ.

ಎರಡು, ಈ ಚಿತ್ರದಿಂದ ನಿಮಗೆ ಯಾವ ಪ್ರಶ್ನೆಗೆ ಉತ್ತರ ಬೇಕು ಎಂಬುದನ್ನು ಒಂದೇ ವಾಕ್ಯದಲ್ಲಿ, ಬೇಕಾದರೆ ಕನ್ನಡದಲ್ಲೇ, ಬರೆದು ತನ್ನಿ. ಬರೆಯಲಾಗದಿದ್ದರೆ ನಿಮಗೆ ಸದ್ಯಕ್ಕೆ ಟೆಮ್ ಬೇಡ.

ಮೂರು, ಮುಖ್ಯ ಪ್ರಯೋಗಕ್ಕೆ ಮೊದಲು ಒಂದೇ ಒಂದು ಸ್ಯಾಂಪಲ್ ಮಾಡಿ ನೋಡೋಣ. ಫಿಕ್ಸೇಶನ್ ಸರಿಯಿದೆಯೇ ಎಂದು ತಿಳಿದ ಮೇಲೆ ಉಳಿದದ್ದು.

ನಾಲ್ಕು, ಕಂಟ್ರೋಲ್ ಮತ್ತು ಟ್ರೀಟ್ಮೆಂಟ್ ಎರಡಕ್ಕೂ ಒಂದೇ ದ್ರಾವಣ, ಒಂದೇ ಹೊತ್ತು, ಒಂದೇ ಕೈ.

ಐದು, ಸೆಕ್ಷನ್ ಕೊಯ್ಯುವಾಗ, ಚಿತ್ರ ತೆಗೆಯುವಾಗ ಪಕ್ಕದಲ್ಲಿ ಕೂತು ನೋಡಿ. ಕಲಿಯಬೇಕೆನ್ನಿಸಿದರೆ ಕೇಳಿ. ರೆಪ್ಪೆಗೂದಲಿನ ಕಡ್ಡಿ ಹಿಡಿಯಲು ಬರುವವರು ವರ್ಷ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ.

ಆರು, ಸ್ಯಾಂಪಲ್ ಕೆಟ್ಟಿದೆ ಎಂದು ತಂತ್ರಜ್ಞರು ಹೇಳಿದರೆ ಬೇಸರಿಸಬೇಡಿ. ಅದನ್ನು ಪ್ರಬಂಧದ ಮೌಖಿಕ ಪರೀಕ್ಷೆಯಲ್ಲಿ ಕೇಳುವುದಕ್ಕಿಂತ ನಮ್ಮ ಬಾಯಲ್ಲಿ ಕೇಳುವುದು ಮೇಲು.

ನಿಮ್ಮಿಂದ ಒಳ್ಳೆಯ ಸ್ಯಾಂಪಲ್ ಬಂದ ದಿನ ನಮ್ಮ ಕೋಣೆಯಲ್ಲೂ ಸಂತೋಷವಿರುತ್ತದೆ. ಅಂಥ ದಿನಗಳನ್ನು ಹೆಚ್ಚು ಮಾಡುವುದು ನಿಮ್ಮ ಕೈಯಲ್ಲಿದೆ. ಮುಂದಿನ ಸ್ಯಾಂಪಲ್ ತೆಗೆಯುವ ದಿನಾಂಕ ಗೊತ್ತುಮಾಡುವ ಮೊದಲು ನಿಮ್ಮ ಹತ್ತಿರದ ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ವಿಭಾಗದವರೊಂದಿಗೆ ಅರ್ಧ ಗಂಟೆ ಮಾತಾಡಿ. ಆ ಅರ್ಧ ಗಂಟೆಗೆ ಎಲ್ಲೂ ಶುಲ್ಕ ಕೇಳಿದ್ದು ನಾನು ನೋಡಿಲ್ಲ.

ಇಂತಿ ನಿಮ್ಮ ಹಿತೈಷಿ,
ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ವಿಭಾಗದ ಒಬ್ಬ ಹಿರಿಯ ತಂತ್ರಜ್ಞ
ಬೆಂಗಳೂರು